ಹಿಮಯುಗದ ನೀಲಿ ಮುಚ್ಚಳ

ಮಾರ್ಚ್ 2, ಸೋಮವಾರ

ಇವತ್ತು ನಮ್ಮ ಬೀದಿಯ ಪ್ರತಿ ಬಾಗಿಲಿಗೂ ಒಂದು ಹಳದಿ ಕಾಗದ ಅಂಟಿಸಿ ಹೋಗಿದ್ದಾರೆ. ಅಂಟಿಸಿದವರು ಕಣಿವೆ ಅಭಿವೃದ್ಧಿ ಮಂಡಳಿಯವರು. ಅಭಿವೃದ್ಧಿ ಎಂಬ ಪದವನ್ನು ನಾನು ಮೂವತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಮೊಳೆಯಾಗಿ ಜೋಡಿಸಿದ್ದೇನೆ. ಅದು ಯಾರ ಮನೆ ಬಾಗಿಲಿಗೆ ಬಂದರೂ ಬರಿಗೈಯಲ್ಲಿ ವಾಪಸ್ ಹೋದದ್ದನ್ನು ನೋಡಿಲ್ಲ.

ಕಾಗದದಲ್ಲಿ ಏನಿದೆ? ಇದು ನದಿಯ ಜಾಗವಂತೆ. ಪ್ರವಾಹದ ಅಪಾಯವಂತೆ. ನಮ್ಮ ಪ್ರಾಣದ ಮೇಲಿನ ಪ್ರೀತಿಯಿಂದ ನಮ್ಮನ್ನು ಖಾಲಿ ಮಾಡಿಸುತ್ತಾರಂತೆ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬರೆಯಲು ಜಾಗ ಸಾಲಲಿಲ್ಲವೇನೋ. ನಾವು ಹೋದ ಮೇಲೆ ಇಲ್ಲಿ ‘ನದಿತೀರ ವಿಹಾರಧಾಮ’ ಬರುತ್ತದಂತೆ, ಅಂಗಡಿಸಾಲು, ಸಂಗೀತದ ಕಾರಂಜಿ. ಆಕ್ಷೇಪಣೆ ಇದ್ದವರು ಇಪ್ಪತ್ತನೇ ತಾರೀಕಿನ ಸಭೆಗೆ ಪುರಾವೆ ಸಮೇತ ಬರಬೇಕಂತೆ.

ಬೀದಿ ಸಮಿತಿಯ ಕಾರ್ಯದರ್ಶಿ ನಾನು. ನೇರ ಪ್ರೆಸ್ಸಿಗೆ ಹೋಗಿ ಅತಿ ದೊಡ್ಡ ಮರದ ಮೊಳೆ ತೆಗೆದು ಜೋಡಿಸಿದೆ: ‘ಒಂದಿಂಚೂ ಕದಲುವುದಿಲ್ಲ!!’ ಆಶ್ಚರ್ಯಚಿಹ್ನೆ ಮೂರು ಬೇಕಿತ್ತು. ಪೆಟ್ಟಿಗೆಯಲ್ಲಿ ಎರಡೇ ಇದ್ದವು.

ಹಸಿ ಇಂಕಿನ ಪ್ರತಿಯನ್ನು ಮನೆಗೆ ತಂದು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಕಾಗದವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಯಾರು ಕದಲಲ್ಲ?”

“ನಾವೆಲ್ಲ, ಅತ್ತೆ.”

“ನನ್ನ ಕೇಳಿದ್ಯಾ?”

“ಕೇಳೋದೇನಿದೆ? ಇದು ಹೋರಾಟ.”

“ಓ, ಹೋರಾಟನಾ? ಹಾಗಾದ್ರೆ ಸರಿ. ಊಟಕ್ಕಾದ್ರೆ ‘ಇನ್ನೊಂದು ತುತ್ತು ಹಾಕ್ಲಾ’ ಅಂತ ಕೇಳ್ತೀಯಲ್ಲ, ಅದಕ್ಕೆ ಅಂದೆ.”

ಅಂದು ಮಂಡಿ ಉಜ್ಜಿಕೊಳ್ಳುತ್ತಾ ಒಳಗೆ ಹೋದರು. ಈ ಮುದುಕಿಗೆ ವರ್ಗಪ್ರಜ್ಞೆ ಕಲಿಸುವುದರಲ್ಲಿ ನನ್ನ ಅರ್ಧ ಆಯುಸ್ಸು ಹೋಗಿದೆ. ಉಳಿದರ್ಧ ಅವರ ಮಗನ ಜೊತೆ ಹೋಗಿತ್ತು, ಅವನೂ ತೀರಿಹೋದ. ಈಗ ಮನೆಯಲ್ಲಿ ಅತ್ತೆ, ನಾನು, ಮತ್ತು ತೇವ ಏರುವ ಆ ಹಿಂದಿನ ಗೋಡೆ. ಪ್ರತಿ ವರ್ಷ ಹಾಳಾದ ಪೋಸ್ಟರುಗಳನ್ನು ಅದಕ್ಕೆ ಅಂಟಿಸುತ್ತೇನೆ. ನನ್ನ ಹಳೆಯ ಘೋಷಣೆಗಳೆಲ್ಲ ಸೊಂಟದವರೆಗೆ ಬೂಸ್ಟು ಹಿಡಿದು ಅಲ್ಲಿ ನಿಂತಿವೆ.

ಮಾರ್ಚ್ 5, ಗುರುವಾರ

ಪುರಾವೆ ತಾನೇ? ಕೊಡೋಣ. ತಂಗಿಯನ್ನು ಕರೆಸಿದೆ. ಅವಳು ವಿಶ್ವವಿದ್ಯಾಲಯದಲ್ಲಿ ನದಿ ಕಣಿವೆಗಳ ಮಣ್ಣು ಓದುವವಳು. ನಾನು ಅವಳನ್ನು ‘ಕೆಸರು ಡಾಕ್ಟರು’ ಅಂತಲೇ ಕರೆಯುವುದು. ಇಷ್ಟು ವರ್ಷ ಅವಳ ವಿದ್ಯೆಯಿಂದ ದುಡಿಯುವ ಜನಕ್ಕೆ ಏನೂ ಉಪಯೋಗವಿಲ್ಲ ಎಂದು ಅವಳ ಮುಖಕ್ಕೇ ಹೇಳಿದ್ದೇನೆ. ಇವತ್ತು ಬಸ್ ಸ್ಟ್ಯಾಂಡಿನಿಂದ ಅವಳ ನೆಲ ಕೊರೆಯುವ ಬೈರಿಗೆಯನ್ನು ನಾನೇ ಹೆಗಲ ಮೇಲೆ ಹೊತ್ತು ತಂದೆ.

“ನದಿ ನಮ್ಮ ಬೀದಿಗೆ ಬಂದೇ ಇಲ್ಲ ಅಂತ ಬರೆದುಕೊಡು.”

“ಅಕ್ಕಾ, ಮಣ್ಣು ಏನು ಹೇಳುತ್ತೋ ಅದನ್ನ ಬರೀತೀನಿ. ಮಣ್ಣು ನಿಮ್ಮ ಸಮಿತಿಯ ಸದಸ್ಯ ಅಲ್ಲ.”

“ಎಲ್ಲರೂ ಒಂದು ಪಕ್ಷ ಹಿಡೀಲೇಬೇಕು.”

“ಹಿಡಿದಿದೆ. ಕೆಳಗಿನ ಪಕ್ಷ. ಭಾರ ಇದ್ದದ್ದು ಕೆಳಗೆ ಕೂರುತ್ತೆ.”

ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಕಡ್ಡಿಯಿಂದ ಗೀಚಿ ಪಾಠ ಮಾಡಿದಳು. ಹಿಂದೆ ಭೂಮಿಗೆ ದೊಡ್ಡ ಚಳಿ ಹಿಡಿದಿತ್ತು. ಬೆಟ್ಟದ ತಲೆಯ ಮೇಲೆಲ್ಲ ಹಿಮ. ಅದು ಕರಗಿದಾಗ ಈ ನದಿ ಹುಚ್ಚೆದ್ದು, ಬೆಟ್ಟದ ಮೂಳೆ ಮುರಿದು ಕಲ್ಲುಗುಂಡುಗಳನ್ನು ಉರುಳಿಸಿಕೊಂಡು ಬಂದು ಕಣಿವೆ ತುಂಬಾ ಹಾಸಿತು. ಆಮೇಲೆ ಅದೇ ಕಲ್ಲುಹಾಸನ್ನು ತಾನೇ ಕೊರೆದು ಕೆಳಗಿಳಿಯಿತು. ಕೊರೆಯದೆ ಬಿಟ್ಟ ತುಂಡು ದಿಣ್ಣೆಯಾಗಿ ಮೇಲುಳಿಯಿತು. ಕೆಳಗೆ ನೀರು ನಿಂತ ಕಡೆ ಜೊಂಡು ಬೆಳೆದು, ಕೊಳೆತು, ಕಪ್ಪಾಯಿತು. ಆಮೇಲೆ ಮನುಷ್ಯ ಬಂದ, ಇಳಿಜಾರಿನ ಕಾಡು ಕಡಿದ, ಉತ್ತ. ಆ ಮಣ್ಣು ತೊಳೆದು ಬಂದು ಪ್ರವಾಹಕ್ಕೊಂದು ಪದರದಂತೆ ನಯವಾದ ಹೂಳಾಗಿ ಕೂತಿತು. ಹತ್ತು ಹನ್ನೆರಡು ಸಾವಿರ ವರ್ಷದ ಕೆಲಸ.

“ಅದರಲ್ಲಿ ನಮಗೇನು ಬೇಕು?”

“ಸುಲಭ. ಮೇಲಿಂದ ಕೆಳಗೆ ಬರೀ ಕಲ್ಲಿದ್ದರೆ, ನದಿ ಆ ಜಾಗ ಬಿಟ್ಟು ಸಾವಿರಾರು ವರ್ಷ ಆಯ್ತು ಅಂತ. ಮೇಲೆ ಹೂಳಿದ್ದರೆ, ಇನ್ನೂ ಬರ್ತಾ ಇದೆ ಅಂತ.”

ಕಲ್ಲೇ ಸಿಗಬೇಕು. ಸಿಗುತ್ತದೆ. ನಾನು ಯಾರ ಮುಂದೂ ತಲೆ ಬಗ್ಗಿಸಿದವಳಲ್ಲ, ಹೂಳಿನ ಮುಂದೆ ಬಗ್ಗಿಸುತ್ತೇನಾ?

ಮಾರ್ಚ್ 7, ಶನಿವಾರ

ಕೊರೆದದ್ದಾಯಿತು. ನಮ್ಮ ಹಿತ್ತಲಲ್ಲೇ. ಕೆಸರು ತುಳಿಯದಿರಲಿ ಎಂದು ಗಂಡ ಸುರಿಸಿದ್ದ ಜಲ್ಲಿಯನ್ನು ಪಕ್ಕಕ್ಕೆ ಗುಡಿಸಿ, ಆಳೆತ್ತರಕ್ಕಿಂತ ಚೂರು ಹೆಚ್ಚು ಆಳ ಇಳಿಸಿದರು. ಸಮಿತಿಯ ಅಧ್ಯಕ್ಷ, ಅಂದರೆ ಮೂಲೆ ಅಂಗಡಿಯ ದರ್ಜಿ, ಬೈರಿಗೆ ತಿರುಗಿಸಿದ. ಬೀದಿಗೆ ಬೀದಿಯೇ ನೆರೆದಿತ್ತು. ಇಷ್ಟು ಜನ ಸೇರಿದಾಗ ಸುಮ್ಮನಿರುವುದು ಅಪರಾಧ. ನಾನು ಒಗೆಯುವ ಕಲ್ಲಿನ ಮೇಲೆ ನಿಂತು ಭಾಷಣ ಮಾಡಿದೆ. ಹಾಗಾಗಿ ಗುಂಡಿಯ ಕಡೆ ನೋಡಲು ಆಗಲಿಲ್ಲ.

“ಬೇರೆಯವರ ಬಾಯಲ್ಲೂ ನಾಲಿಗೆ ಇದೆ,” ಅಂತ ಅತ್ತೆ ಅಡುಗೆಮನೆ ಕಿಟಕಿಯಿಂದ ಒಮ್ಮೆ ಅಂದರು. ಗಲಾಟೆಯಲ್ಲಿ ಯಾರಿಗೆ ಅಂದರೋ ತಿಳಿಯಲಿಲ್ಲ. “ನದಿ ಬಂದಿತ್ತು” ಅಂತಲೂ ಅಂದರು. ಅವರು ಮೊದಲಿಂದ ಹಾಗೆ ಅನ್ನುತ್ತಲೇ ಇರುತ್ತಾರೆ. ಮಂಡಳಿಯವರ ಕಿವಿಗೆ ಬೀಳದಿದ್ದರೆ ಸಾಕು.

ಮೂರು ಕೊಳವೆ ತುಂಬಾ ಮಣ್ಣು ಬಂತು. ಮನೆಯಲ್ಲಿ ಜಾಗವಿಲ್ಲವೆಂದು ಪ್ರೆಸ್ಸಿಗೆ ಒಯ್ದೆವು. ಪುಟ ಕಟ್ಟುವ ಕಲ್ಲುಮೇಜಿನ ಉದ್ದಕ್ಕೆ ಒಂದರ ಮುಂದೊಂದು ಮಲಗಿಸಿ, ಸೀಳಿ, ಒದ್ದೆ ಬಟ್ಟೆ ಹೊದಿಸಿ, ತಂಗಿ ಅವಸರದಲ್ಲಿ ಬಸ್ಸಿಗೆ ಹೊರಟಳು. ಪರೀಕ್ಷೆ ಡ್ಯೂಟಿ ಇದೆಯಂತೆ, ಗುರುವಾರ ಬರುತ್ತಾಳಂತೆ.

“ನಾನು ಬರೋವರೆಗೆ ಓದಬೇಡ.”

ಮೂವತ್ತು ವರ್ಷದಿಂದ ಓದುವುದೇ ನನ್ನ ಕಸುಬು. ಓದಬೇಡ ಅಂತಾಳೆ, ಕತ್ತೆ.

ಮಾರ್ಚ್ 8, ಭಾನುವಾರ

ಓದಿದೆ!

ನನ್ನ ಜಾಗದಲ್ಲಿ ನಿಂತು ಬಟ್ಟೆ ಸರಿಸಿದರೆ, ಹೊಟ್ಟೆಯ ಹತ್ತಿರದ ತುದಿಯಲ್ಲೇ ಏನಿರಬೇಕು? ಕಲ್ಲು! ಗುಂಡಗೆ, ನುಣ್ಣಗೆ, ಗೋಲಿಯಂಥ ಕಲ್ಲು. ಆಮೇಲೆ ಕಪ್ಪು ಪದರ. ಹೂಳೆಲ್ಲ ಆ ಕಡೆ, ಪಾತಾಳದಲ್ಲಿ. ಕಟ್ಟಕಡೆಯ ತುದಿಯಲ್ಲಿ ಸಣ್ಣ ಸಣ್ಣ ಬೇರು ಕೂಡ ಇವೆ. ಹಿಮಯುಗದ ಹುಲ್ಲಿನ ಬೇರು! ಇನ್ನೂ ಹಸಿಯಾಗಿವೆ. ಎಂಥಾ ಗಟ್ಟಿ ಹುಲ್ಲು.

ದರ್ಜಿಯನ್ನು ಕೂಗಿ ಕರೆದೆ. ಅವನು ಟೇಪು ಕೊರಳಿಗೆ ಹಾಕಿಕೊಂಡೇ ಓಡಿಬಂದ.

“ಗೆದ್ವಾ?”

“ಗೆದ್ವಿ. ನದಿ ನಮ್ಮ ಬೀದಿ ಬಿಟ್ಟು ಹತ್ತು ಸಾವಿರ ವರ್ಷ ಆಗಿದೆ.”

“ಡಾಕ್ಟರಮ್ಮ ಬರೋವರೆಗೆ ಕಾಯೋಣ್ವಾ?”

“ಇತಿಹಾಸ ಯಾರಿಗೂ ಕಾಯಲ್ಲ.”

ಸಂಜೆಯೊಳಗೆ ಕರಪತ್ರ ಸಿದ್ಧ: ‘ಮಣ್ಣೇ ಸಾಕ್ಷಿ! ಹತ್ತು ಸಾವಿರ ವರ್ಷದಿಂದ ನದಿ ಇತ್ತ ಸುಳಿದಿಲ್ಲ! ಮಂಡಳಿಯ ಸುಳ್ಳು ಬಯಲು!’ ಊರಿಗೆಲ್ಲ ಹಂಚಿದೆವು. ಮಂಡಳಿಯ ಕಚೇರಿ ಬಾಗಿಲಿಗೆ ಹಳದಿ ಕಾಗದದಷ್ಟೇ ಅಂಟು ಹಚ್ಚಿ ಒಂದನ್ನು ನಾನೇ ಅಂಟಿಸಿ ಬಂದೆ.

ಮಾರ್ಚ್ 11, ಬುಧವಾರ

ಇದನ್ನು ಬರೆಯಬಾರದು ಅಂದುಕೊಂಡೆ. ಬರೆಯದಿದ್ದರೆ ನಾನು ಮಂಡಳಿಯವಳಾಗುತ್ತೇನೆ.

ಮಧ್ಯಾಹ್ನ ಅತ್ತೆ ಪ್ರೆಸ್ಸಿಗೆ ಬುತ್ತಿ ತಂದರು. ಮಂಡಿನೋವಿಗೆ ಕೂರಲು ಜಾಗ ಹುಡುಕುತ್ತಾ ಮೇಜಿನ ಆ ತುದಿಗೆ ಹೋಗಿ ಸ್ಟೂಲಿನ ಮೇಲೆ ಕೂತರು. ನಾನು ಊಟ ಬಿಟ್ಟು ಹಿಮಯುಗ ವಿವರಿಸುತ್ತಿದ್ದೆ. ಅವರು ಬಟ್ಟೆ ಎತ್ತಿ, ಹೂಳಿನೊಳಗೆ ಹೇರ್‌ಪಿನ್ನು ಚುಚ್ಚಿ ಕೆದಕಿ, ಏನನ್ನೋ ಹೊರತೆಗೆದು ಸೆರಗಿನಲ್ಲಿ ಒರೆಸಿದರು.

“ಇಲ್ಲಿ ಎಷ್ಟು ವರ್ಷ ಅಂದೆ?”

“ಹನ್ನೆರಡು ಸಾವಿರ.”

“ಆಗ್ಲೇ ಶಾಂಪೂ ಹಾಕ್ಕೊಳ್ತಿದ್ರಾ?”

ಅಂಗೈ ಚಾಚಿದರು. ನೀಲಿ ಪ್ಲಾಸ್ಟಿಕ್ಕಿನ ಮುಚ್ಚಳ. ತಿರುಪು ಗೆರೆಗಳು ಸಮೇತ.

ನನಗೆ ಒಂದು ಗಳಿಗೆ ಹೊಳೆಯಲಿಲ್ಲ. ಹೊಳೆದಾಗ ಮೇಜು ಸುತ್ತಿ ಅತ್ತೆಯ ಪಕ್ಕ ಹೋಗಿ ನಿಂತೆ. ತಂಗಿ ಎಲ್ಲರ ಹಾಗೆ ಮಣ್ಣಿನ ತಲೆಯನ್ನು ಆ ಕಡೆ ಇಟ್ಟು, ಪಾದವನ್ನು ತನ್ನ ಕಡೆ ಇಟ್ಟು ಹೋಗಿದ್ದಾಳೆ, ಎಲ್ಲರೂ ಪುಸ್ತಕ ಹಿಡಿಯುವ ಹಾಗೆ. ನಾನೋ? ಈ ಕಲ್ಲಿನ ಮೇಲೆ ಮೊಳೆಯ ಪುಟ ಕಟ್ಟುವಾಗ ತಲೆ ಯಾವಾಗಲೂ ನಮ್ಮ ಹೊಟ್ಟೆಯ ಕಡೆ. ತಲೆಕೆಳಗಾಗಿಯೇ ಓದುತ್ತೇವೆ, ಅದೇ ನಮಗೆ ನೇರ. ಮೂವತ್ತು ವರ್ಷದ ಅಭ್ಯಾಸ. ಹನ್ನೆರಡು ಸಾವಿರ ವರ್ಷವನ್ನು ಕರಪತ್ರದ ಹಾಗೆ ಓದಿಬಿಟ್ಟಿದ್ದೇನೆ.

ಅಂದರೆ ಹೂಳು ಮೇಲಿದೆ. ಮುಚ್ಚಳದ ಮೇಲೂ ಒಂದು ಗೇಣು ಹೂಳಿದೆ. ಅಂದರೆ ಶಾಂಪೂ ಬಂದ ಮೇಲೂ ನದಿ ಬಂದಿದೆ.

“ಬಂದಿತ್ತು ಅಂತ ಎಷ್ಟು ಸಲ ಹೇಳ್ದೆ,” ಅಂದರು ಅತ್ತೆ. “ನಿನ್ನ ಗಂಡ ಆಗಿನ್ನೂ ಅಂಬೆಗಾಲು. ಅವನನ್ನ ಬೀರು ಮೇಲೆ ಕೂರಿಸಿ ನಾನೂ ಹತ್ತಿ ಕೂತಿದ್ದೆ. ನೀರಲ್ಲಿ ಪಕ್ಕದ ಮನೆ ಪಾತ್ರೆಗಳೆಲ್ಲ ನಮ್ಮನೆಗೇ ಬಂದ್ವು. ಒಂದು ಸೌಟು ಇನ್ನೂ ಇದೆ, ವಾಪಸ್ ಕೊಟ್ಟಿಲ್ಲ.”

ದಿನಾ ಸಾರು ಬಡಿಸುವ ಸೌಟು ಅದೇ. ಅದನ್ನು ಹಿಡಿದುಕೊಂಡೇ ನಾನು ಅವರಿಗೆ ಇತಿಹಾಸ ಹೇಳಿದ್ದೇನೆ.

ಮಾರ್ಚ್ 12, ಗುರುವಾರ

ತಂಗಿ ಬಂದು, ಕರಪತ್ರ ಓದಿ, ನಕ್ಕಳು. ನಗುತ್ತಾ ಕಾಗದದ ರೀಮಿನ ಮೇಲೆ ಕೂತಳು, ಅಲ್ಲಿಂದ ನೆಲಕ್ಕೆ ಜಾರಿದಳು. “ಕಾಲೇಜಲ್ಲಿ ಪಾಠ ಮಾಡ್ತೀನಿ ಇದನ್ನ” ಅಂದಳು. ಅಕ್ಕ ಅನ್ನುವ ಗೌರವ ಸುಟ್ಟು ಬೂದಿಯಾಗಿದೆ.

ಆಮೇಲೆ ಸರಿಯಾದ ತುದಿಯಿಂದ ತೋರಿಸಿದಳು. ಆ ಬೇರು ಈಗಿನ ಹುಲ್ಲಿನದು. ಅದರ ಕೆಳಗೆ ಹೂಳು, ಪದರದ ಮೇಲೆ ಪದರ, ಒಂದೊಂದೂ ಒಂದು ಪ್ರವಾಹ. ಅದರ ಕೆಳಗೆ ಕಪ್ಪು ಜೊಂಡು. ತಳದಲ್ಲಿ ಹಿಮ ಕರಗಿದ ನೀರಿನ ಕಲ್ಲುಗಳು. ಭೂತಗನ್ನಡಿ ಕೊಟ್ಟು “ಬಗ್ಗಿ ನೋಡು” ಅಂದಳು. ಕಪ್ಪು ಪದರದಲ್ಲಿ ಒಂದು ಜೀರುಂಡೆಯ ರೆಕ್ಕೆ. ಹಸಿರು. ನಿನ್ನೆ ಸತ್ತ ಹಾಗೆ ಫಳಫಳ.

“ಐದಾರು ಸಾವಿರ ವರ್ಷ ಆಗಿದೆ ಅದಕ್ಕೆ.”

ಅಷ್ಟು ವರ್ಷ ಕೊಳೆಯ ನಡುವೆ ಬಿದ್ದಿದ್ದರೂ ಬಣ್ಣ ಬಿಟ್ಟಿಲ್ಲ. ನಮ್ಮ ಸಮಿತಿಗೆ ಇಂಥ ಕಾರ್ಯಕರ್ತರು ಬೇಕು. ಎಷ್ಟು ಹೊತ್ತು ಬಗ್ಗಿ ನೋಡಿದೆನೋ, ಕತ್ತು ಹಿಡಿದಿದೆ. ಅತ್ತೆ ತಮ್ಮ ಮಂಡಿಯ ಎಣ್ಣೆಯನ್ನು ನನ್ನ ಕತ್ತಿಗೆ ಉಜ್ಜಿದರು. ವಾಸನೆ ಭಯಂಕರ.

ಮಾರ್ಚ್ 13, ಶುಕ್ರವಾರ

ತಂಗಿಯಿಂದ ವಿಷಯ ತಿಳಿದು ದರ್ಜಿ ಬೆಳಿಗ್ಗೆಯೇ ಬಂದ. ಮುಖ ಇಸ್ತ್ರಿ ತಪ್ಪಿದ ಅಂಗಿಯ ಹಾಗಿತ್ತು.

“ಯಾರಿಗೂ ಹೇಳ್ಬೇಡಿ. ಕೊಳವೆಗಳನ್ನ ನೀವು ಓದಿದ ಹಾಗೇ ತಿರುಗಿಸಿ ಸಭೆಗೆ ಒಯ್ಯೋಣ. ಮುಚ್ಚಳ ನದಿಗೆ ಎಸೆದ್ರಾಯ್ತು.”

“ಮಂಡಳಿಯವರಿಗೆ ಗೊತ್ತಾದ್ರೆ?”

“ಅವರಿಗೆ ಮಣ್ಣು ತಿಳಿಯುತ್ತಾ? ಅವರು ಕಾರಂಜಿ ಜನ.”

ನಿಜ ಹೇಳಬೇಕೆಂದರೆ, ಯೋಚನೆ ಮಾಡಿದೆ. ಅರ್ಧ ದಿನ ಮಾಡಿದೆ. ನಿಜ ಹೇಳಿದರೆ ಬೀದಿ ಹೋಗುತ್ತದೆ. ನಲವತ್ತು ಮನೆಯವರು ನಲವತ್ತು ದಿಕ್ಕಿಗೆ. ಸುಳ್ಳು ಹೇಳಿ ಗೆದ್ದರೆ ಬೀದಿ ಉಳಿಯುತ್ತದೆ, ಮುಂದಿನ ನೀರಿನವರೆಗೆ. ಆಗ ಬೀರಿನ ಮೇಲೆ ಯಾರ ಮಗು?

ಸಂಜೆ ಅತ್ತೆ ಆ ಗೋಡೆಯಿಂದ ಹಾಸಿಗೆ ದೂರಕ್ಕೆ ಎಳೆಯುತ್ತಿದ್ದರು. ಒಂದು ತುದಿ ನಾನೂ ಹಿಡಿದೆ.

“ಅತ್ತೆ, ನಿಮಗೇನು ಬೇಕು?”

“ಟೀ ಆಯ್ತಲ್ಲ.”

“ಟೀ ಅಲ್ಲ. ಎಲ್ಲಿರಬೇಕು ನಿಮಗೆ?”

ಹಾಸಿಗೆ ಕೈಬಿಟ್ಟು ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದರು.

“ಒಣಗಿದ ಗೋಡೆ ಬೇಕು. ಈ ಜನವೂ ಬೇಕು. ದಿಣ್ಣೆ ಮೇಲೆ ಮಂಡಳಿಯ ದೊಡ್ಡವರು ಟೆನ್ನಿಸ್ ಆಡ್ತಾರಲ್ಲ, ಆವತ್ತು ನೀರು ಬಂದಾಗ ನಮ್ಮನ್ನೆಲ್ಲ ದೋಣಿಯಲ್ಲಿ ತಂದು ಬಿಟ್ಟದ್ದು ಅಲ್ಲಿಗೆ. ಒಂದು ತೊಟ್ಟು ನೀರಿರಲಿಲ್ಲ ಅಲ್ಲಿ. ಮಂಡಿ ಕೂಡ ನೋಯ್ಲಿಲ್ಲ.”

“ಆಗ ನಿಮಗೆ ವಯಸ್ಸೆಷ್ಟು, ನೋಯೋಕೆ?”

“ನೋಯ್ಲಿಲ್ಲ ಅಂದೆ ಅಷ್ಟೆ.”

ಮಾರ್ಚ್ 15, ಭಾನುವಾರ

ಮನೆ ಮನೆಗೆ ಹೋದೆ. ಕರಪತ್ರ ಒಯ್ಯಲಿಲ್ಲ. ಕೈಗಳನ್ನು ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ಪ್ರತಿ ಬಾಗಿಲಲ್ಲೂ ಜನ “ಈಗ ಎಲ್ಲಿಗೆ ಮೆರವಣಿಗೆ?” ಅಂತ ಚಪ್ಪಲಿ ಹಾಕಿಕೊಂಡು ಹೊರಟರು. “ಎಲ್ಲಿಗೂ ಇಲ್ಲ, ಕೇಳೋಕೆ ಬಂದೆ” ಅಂದರೆ ನಂಬಲಿಲ್ಲ.

ಕೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಕೊನೆ ಮನೆಯ ನರ್ಸಮ್ಮನ ಎರಡೂ ಮಕ್ಕಳಿಗೆ ಬೂಸ್ಟಿನಿಂದ ಉಬ್ಬಸ. ಬಾಗಿಲು ಮಾಡುವ ಬಡಗಿ ತನ್ನ ಮನೆಯ ಬಾಗಿಲನ್ನೇ ವರ್ಷಕ್ಕೆರಡು ಸಲ ಹೆರೆಯುತ್ತಾನೆ, ತೇವಕ್ಕೆ ಉಬ್ಬುತ್ತದೆ. ಹಳಬರಿಗೆಲ್ಲ ಆ ನೀರು ನೆನಪಿದೆ.

“ಮತ್ತೆ ಯಾಕೆ ಬಾಯಿ ಬಿಡಲಿಲ್ಲ?”

“ನೀವು ಮಾತಾಡ್ತಿದ್ರಲ್ಲ,” ಅಂದ ಬಡಗಿ.

ಪ್ರವಾಹದ ಸೌಟು ಅವನ ತಾಯಿಯದಂತೆ. ವಾಪಸ್ ಬೇಡವಂತೆ.

ಎರಡೇ ಮಾತಲ್ಲಿ ಎಲ್ಲರದ್ದೂ: ಹೋಗುವುದಾದರೆ ಒಟ್ಟಿಗೆ. ಹೋಗುವುದಾದರೆ ಮೇಲಕ್ಕೆ.

ಮಾರ್ಚ್ 20, ಶುಕ್ರವಾರ

ಸಭೆ. ಮಂಡಳಿಯ ಎಂಜಿನಿಯರ್ ನನ್ನ ಕರಪತ್ರವನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಹಾಗೆ ಎತ್ತಿ ಹಿಡಿದ.

“ಹತ್ತು ಸಾವಿರ ವರ್ಷದಿಂದ ನದಿ ಬಂದಿಲ್ಲ. ಇದು ನಿಮ್ಮ ಪುರಾವೆಯೇ?”

“ಅದು ತಪ್ಪು. ಮಣ್ಣನ್ನ ತಲೆಕೆಳಗಾಗಿ ಓದಿದೆ.”

ಸಭಾಂಗಣವಿಡೀ ನಕ್ಕಿತು. ನಮ್ಮ ಬೀದಿಯವರೇ ಹೆಚ್ಚು ನಕ್ಕರು, ಕುಲಗೆಟ್ಟವರು. ನಾನು ನೀಲಿ ಮುಚ್ಚಳವನ್ನು ಅವನ ಮೇಜಿನ ಮೇಲಿಟ್ಟೆ.

“ನದಿ ಬರುತ್ತೆ. ಇದರ ಮೇಲೂ ಬಂದಿದೆ. ನೀವು ಹೇಳಿದ್ದೇ ಸರಿ.”

ಎಂಜಿನಿಯರನ ಮುಖ ಅರಳಿತು. “ಹಾಗಾದರೆ ಆಕ್ಷೇಪಣೆ ಇಲ್ಲ.”

“ಒಂದಿದೆ. ಇದು ನದಿಯ ಹಾಸಿಗೆ ಅಂತ ನಮ್ಮನ್ನ ಎಬ್ಬಿಸಿ, ಅದೇ ಹಾಸಿಗೆ ಮೇಲೆ ಅಂಗಡಿ ಕಟ್ತೀರಲ್ಲ, ಗಿರಾಕಿಗಳು ಈಜಿಕೊಂಡು ಬರ್ತಾರಾ? ಕಾರಂಜಿ ನೀವೇ ಹಾಕಬೇಕಾಗಿಲ್ಲ, ನದಿಯೇ ಹಾಕುತ್ತೆ, ಛಾವಣಿವರೆಗೆ! ನಮ್ಮ ಪ್ರಾಣದ ಮೇಲೆ ಪ್ರೀತಿ ಇದ್ದರೆ ನೀರು ಬರದ ಜಾಗ ಕೊಡಿ. ಬೀದಿಗೆ ಬೀದಿ, ಒಟ್ಟಿಗೆ. ದಿಣ್ಣೆ ಮೇಲೆ ನಿಮ್ಮ ಟೆನ್ನಿಸ್ ಅಂಗಳ ಇದೆ. ಅಲ್ಲಿ ನಲವತ್ತು ಮನೆ ಹಿಡಿಯುತ್ತೆ. ಚೆಂಡು ಎಲ್ಲಿ ಬೇಕಾದರೂ ಪುಟಿಯುತ್ತೆ, ವಿಹಾರಧಾಮದಲ್ಲಿ ಆಡಿಕೊಳ್ಳಿ!”

ಮುಂದೆ ಇನ್ನೂ ಇತ್ತು ಭಾಷಣ. ಆದರೆ ಹಿಂದಿನಿಂದ ಬಡಗಿ ಎದ್ದು ಬಾಗಿಲಿನ ಕಥೆ ಹೇಳಿದ. ನರ್ಸಮ್ಮ ಎದ್ದಳು. ಅತ್ತೆ ಕೂತಲ್ಲಿಂದಲೇ ಬೀರು ಹತ್ತಿದ್ದನ್ನು ಹೇಳಿದರು. ನಾನು ಕುರ್ಚಿಯಲ್ಲಿ ಕೂತು ಕೇಳಿದೆ. ಈ ಜನ ಇಷ್ಟು ಚೆನ್ನಾಗಿ ಮಾತಾಡುತ್ತಾರೆಂದು ಮೊದಲೇ ಹೇಳಬಾರದಿತ್ತಾ?

ಎಂಜಿನಿಯರ್ ಬೆವರು ಒರೆಸಿಕೊಂಡು, ಎಲ್ಲದರ ಮೇಲೂ ಮಣ್ಣು ಮುಚ್ಚುವ ಮಾತು ಹುಡುಕಿದ. “ಅಲ್ಲಿ ನೆಲದಡಿ ಏನಿದೆಯೋ ಯಾರಿಗೆ ಗೊತ್ತು? ಮೊದಲು ಪರೀಕ್ಷೆ ಆಗಬೇಕು. ವರದಿ ಬರುವ ತನಕ ಎರಡೂ ಕಡೆ ಕೆಲಸ ನಿಲ್ಲಲಿ.”

ತಂಗಿ ಎದ್ದಳು. “ಪರೀಕ್ಷೆ ನಾನು ಮಾಡ್ತೀನಿ. ಏಪ್ರಿಲ್ ಮೊದಲ ಭಾನುವಾರ ಬರಬಹುದಾ?”

ಪಾಪ, ಅವನ ಬಾಯಿಂದ “ಬನ್ನಿ” ಅಂತ ಬಿದ್ದುಹೋಯಿತು. ಸಭೆಯವರೆಲ್ಲ ಕೇಳಿಸಿಕೊಂಡರು.

ಏಪ್ರಿಲ್ 5, ಭಾನುವಾರ

ದಿಣ್ಣೆ ಹತ್ತಿದೆವು, ಇಡೀ ಬೀದಿ. ಹುಲ್ಲು ಅಂದರೆ ಹುಲ್ಲು! ನಮ್ಮ ತಲೆಕೂದಲಿಗಿಂತ ಚೆನ್ನಾಗಿ ಬಾಚಿದ್ದಾರೆ. ತಂಗಿ ಬಲೆಯ ಪಕ್ಕ ಒಂದು ಜಾಗ ತೋರಿಸಿ “ಇಲ್ಲಿ” ಅಂದಳು. ದರ್ಜಿ ಒಂದು ಕಡೆ, ನಾನೊಂದು ಕಡೆ ಬೈರಿಗೆ ಹಿಡಿದೆವು.

ಅತ್ತೆಗೆ ಕೂರಲು ಏನಾದರೂ ತರೋಣ ಅಂತ ತಿರುಗಿ ನೋಡಿದರೆ, ಅಂಪೈರ್ ಕೂರುವ ಎತ್ತರದ ಕುರ್ಚಿಯ ಏಣಿಯಲ್ಲಿ ಅರ್ಧ ಹತ್ತಿದ್ದಾರೆ!

“ಅತ್ತೆ! ಮಂಡಿ!”

“ಒಣಗಿದ ಜಾಗ ಕಣೇ. ನೀನು ಕೊರಿ.”

ಮೊಣಕಾಲುದ್ದವೂ ಇಳಿದಿರಲಿಲ್ಲ, ಬೈರಿಗೆ ‘ಖಣ್’ ಎಂದಿತು. ಹೊರಗೆಳೆದು ಕೊಳವೆ ಸೀಳಿ ಹುಲ್ಲಿನ ಮೇಲೆ ಮಲಗಿಸಿದರು. ನಾನು ಮಂಡಿಯೂರಿ ಬಗ್ಗಿದೆ. ಓದುವ ಮೊದಲು ತಂಗಿಯನ್ನು ಕೇಳಿದೆ, “ತಲೆ ಯಾವ ಕಡೆ?” ಅವಳು ಬೆರಳು ತೋರಿಸಿದಳು. ಒಂದು ಬೆರಳು ದಪ್ಪ ಹುಲ್ಲುಮಣ್ಣು. ಆಮೇಲೆ ಕೆಂಪು ಮಣ್ಣು ಮೆತ್ತಿದ ಕಲ್ಲು, ಕಲ್ಲು, ಬರೀ ಕಲ್ಲು. ಹೂಳು ಒಂದು ಚಿಟಿಕೆಯೂ ಇಲ್ಲ. ಹಿಮ ಕರಗಿದ ವರ್ಷಗಳ ಮೇಲೆ ಇವರು ಚೆಂಡು ಆಡುತ್ತಿದ್ದಾರೆ. ಇನ್ನೂ ಮೂರು ಕಡೆ ಕೊರೆಯಬೇಕಂತೆ, ಒಂದು ಗುಂಡಿಯನ್ನು ನಂಬಬಾರದಂತೆ. ಸರಿ ಅಂದೆ.

ಅಷ್ಟರಲ್ಲಿ ಬಿಳಿ ಚಡ್ಡಿ ಹಾಕಿಕೊಂಡು ಎಂಜಿನಿಯರ್ ಬಂದ, ಕೈಯಲ್ಲಿ ರಾಕೆಟ್ಟು. ಹಿಂದೆ ಅಂಥವರೇ ಇನ್ನೂ ಮೂರು ಜನ. ಗುಂಡಿ ನೋಡಿದ, ಕಲ್ಲು ನೋಡಿದ. ಮೇಲೆ ನೋಡಿದ.

“ಅಮ್ಮಾ, ಆಟದ ಹೊತ್ತಾಯ್ತು. ದಯವಿಟ್ಟು ಇಳೀರಿ.”

ಅತ್ತೆ ಸೆರಗು ಸರಿಮಾಡಿಕೊಂಡು, ಕುರ್ಚಿಯ ಎರಡೂ ಕೈ ಗಟ್ಟಿ ಹಿಡಿದು, ಇಡೀ ಕಣಿವೆಗೆ ಕೇಳುವ ಹಾಗೆ ಹೇಳಿದರು:

“ಒಂದಿಂಚೂ ಕದಲಲ್ಲ.”

ಬೀದಿಯವರು ಹೋ ಎಂದರು. ಆ ಸಾಲು ಜೋಡಿಸಿದವಳು ನಾನು ಅಂತ ಹೇಳೋಣ ಅನ್ನಿಸಿತು. ಆದರೆ ದರ್ಜಿ ಆಗಲೇ ಎರಡನೇ ಗುಂಡಿಯ ಹತ್ತಿರ ನಿಂತು ಕಾಯುತ್ತಿದ್ದ. ಹೋಗಿ ಬೈರಿಗೆಯ ಇನ್ನೊಂದು ಕೈ ಹಿಡಿದೆ.